ಸೌರಕಲೆಯ ಮೇಲೆ, ಮೂರು ನಿಮಿಷಕ್ಕೊಮ್ಮೆ

ಸೌರಕಲೆಯ ಚಿತ್ರ ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಅಲ್ಲಾಡದೆ ಕೂತ ಒಂದು ಕಪ್ಪು ಚುಕ್ಕೆ. ನಡುವೆ ಕಡುಗಪ್ಪಾದ ಅಂಬ್ರಾ, ಸುತ್ತ ಎಳೆ ಎಳೆಯಾದ ಬೂದು ಪೆನಂಬ್ರಾ. ಎರಡು ದಿನ ಬಿಟ್ಟು ನೋಡಿದರೆ ಸೂರ್ಯ ತಿರುಗಿದಷ್ಟು ಅದೂ ಸರಿದಿರುತ್ತದೆ, ಅಷ್ಟೆ. ಅದೇ ಕಲೆಯನ್ನು ಕ್ಯಾಲ್ಸಿಯಂ ಕೆ ರೇಖೆಯ, ಅಂದರೆ ಸೂರ್ಯನ ಕ್ಯಾಲ್ಸಿಯಂ ರೋಹಿತದಲ್ಲಿ ಮೂಡಿಸುವ ಒಂದು ಗೆರೆಯ, ನೇರಳೆ ಬೆಳಕಿನಲ್ಲಿ, 10 ಸೆಕೆಂಡಿಗೊಂದು ಚಿತ್ರದಂತೆ 40 ನಿಮಿಷ ಹಿಡಿದು, ಸಿನಿಮಾ ಮಾಡಿ ಓಡಿಸಿ ನೋಡಿ. ಕಪ್ಪಿನ ನಡುವೆ ಒಂದು ತುಣುಕು ಹೊತ್ತಿಕೊಳ್ಳುತ್ತದೆ, ಆರುತ್ತದೆ, ಸುಮಾರು 3 ನಿಮಿಷ ಕಳೆದು ಮತ್ತೆ ಹೊತ್ತಿಕೊಳ್ಳುತ್ತದೆ. ಅದರ ಅಂಚಿನಿಂದ ಮಸುಕಾದ ಬಳೆಗಳು ಹೊರಟು ಪೆನಂಬ್ರಾದ ಕೊನೆಯವರೆಗೆ ಓಡುತ್ತವೆ.

ಇದನ್ನು ನೋಡಲು ದೊಡ್ಡ ದೂರದರ್ಶಕಕ್ಕಿಂತ ಮೊದಲು ಬೇಕಾಗಿರುವುದು ಒಂದೇ ಹದದಲ್ಲಿ ತೆಗೆದ, ನಡುವೆ ತುಂಡಾಗದ ಚಿತ್ರಸರಣಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಈಗ ಸೂರ್ಯನ ಚಿತ್ರ ತೆಗೆಯುವ ಹವ್ಯಾಸಿಗಳಿದ್ದಾರೆ. ಹೆಚ್ಚಿನವರು ಬೆಳಗ್ಗೆ ಒಂದು ಚೂಪಾದ ಚಿತ್ರ ಸಿಕ್ಕ ಕೂಡಲೇ ಸಲಕರಣೆ ಮಡಚಿಬಿಡುತ್ತಾರೆ. ಆ ಕಲೆಯ ಮೇಲಿನ ವಾತಾವರಣದ ಕಥೆ ಶುರುವಾಗುವುದೇ ಅಲ್ಲಿಂದಾಚೆ. ಅದಕ್ಕಾಗಿ ಈ ಬರಹ.

ಮೊದಲು, ಅಲ್ಲಿ ಹೊತ್ತಿಕೊಳ್ಳುವುದು ಏನು ಎಂಬುದು. ಅಂಬ್ರಾದ ನೆಲದಲ್ಲಿ ಉಷ್ಣತೆ ಸುಮಾರು 4000 ಕೆಲ್ವಿನ್; ಸುತ್ತಲಿನ ದ್ಯುತಿಗೋಳದಲ್ಲಿ, ಅಂದರೆ ನಮಗೆ ಕಾಣುವ ಸೂರ್ಯನ ಮೇಲ್ಮೈಯಲ್ಲಿ, 5800ರ ಹತ್ತಿರ. ಈ ವ್ಯತ್ಯಾಸಕ್ಕೆ ಕಾರಣ ಕಾಂತಕ್ಷೇತ್ರ. ದೊಡ್ಡ ಕಲೆಗಳಲ್ಲಿ ಅದು 2000ದಿಂದ 4000 ಗಾಸ್ ಇರುತ್ತದೆ. ನಮ್ಮ ಊರಿನಲ್ಲಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕ್ಷೇತ್ರ ಸುಮಾರು 0.4 ಗಾಸ್ ಮಾತ್ರ. ಸೌರಕಲೆಯಲ್ಲಿ ಇಂಥ ಬಲವಾದ ಕ್ಷೇತ್ರವಿದೆಯೆಂದು ಜಾರ್ಜ್ ಎಲರಿ ಹೇಲ್ 1908ರಲ್ಲಿ ರೋಹಿತದ ಗೆರೆ ಸೀಳುವುದನ್ನು ನೋಡಿ ತೋರಿಸಿಕೊಟ್ಟರು. ಮರುವರ್ಷವೇ, 1909ರಲ್ಲಿ, ನಮಗೆ ಹತ್ತಿರದ ಕೊಡೈಕನಾಲಿನಲ್ಲಿ ಜಾನ್ ಎವರ್‌ಶೆಡ್ ಪೆನಂಬ್ರಾದಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದರು. ಕಲೆ ಎಂದರೆ ನಿಂತ ನೀರಲ್ಲ ಎಂಬುದು ಅಂದಿನಿಂದ ಗೊತ್ತು. ಆದರೆ ಎವರ್‌ಶೆಡ್ ಕಂಡದ್ದು ನೆಲಮಟ್ಟದ ಹರಿವು. ಅದರ ಮೇಲಿನ ವಾತಾವರಣದ ಪದರವಾದ ವರ್ಣಗೋಳದಲ್ಲಿ ಹರಿವು ತಿರುಗುಮುರುಗು, ಒಳಮುಖ. ಜೊತೆಗೆ ಅಲ್ಲಿ ನಿಮಿಷಗಳಲ್ಲಿ ಹುಟ್ಟಿ ಸಾಯುವ ಬೇರೆಯದೇ ಒಂದು ಸಂಸಾರವಿದೆ.

ಆ ಸಂಸಾರದಲ್ಲಿ ಮೊದಲು ಸಿಕ್ಕದ್ದು ಅಂಬ್ರಾದ ಮಿಂಚು. 1969ರಲ್ಲಿ ಬೆಕರ್ಸ್ ಮತ್ತು ಟ್ಯಾಲಂಟ್ ಕ್ಯಾಲ್ಸಿಯಂ ರೇಖೆಯಲ್ಲಿ ಅದನ್ನು ವಿವರಿಸಿದರು. ಅಗಲ 2000 ಕಿ.ಮೀ. ಆಸುಪಾಸು, ಒಂದು ಮಿಂಚು ಬದುಕುವುದು ಒಂದು ನಿಮಿಷದೊಳಗೆ, ಮರುಕಳಿಸುವುದು ಎರಡೂವರೆಯಿಂದ ಮೂರು ನಿಮಿಷಕ್ಕೆ. ಕಾರಣ ಹೀಗೆ: ಸೂರ್ಯನ ಮೈಯೊಳಗೆ ಸದಾ ಶಬ್ದದ ಅಲೆಗಳು ಓಡಾಡುತ್ತಿರುತ್ತವೆ, ಹೆಚ್ಚಿನವು 5 ನಿಮಿಷದ ಆವರ್ತದವು. ಅಂಬ್ರಾದ ಕೆಳಗಿನಿಂದ ಅವು ನೆಟ್ಟಗೆ ನಿಂತ ಕಾಂತರೇಖೆಗಳ ಉದ್ದಕ್ಕೆ ಮೇಲೇರಲು ನೋಡುತ್ತವೆ. ಆದರೆ ದ್ಯುತಿಗೋಳದ ಮೇಲ್ಭಾಗದ ತಂಪು ಪದರ ಒಂದು ಮಿತಿಗಿಂತ ನಿಧಾನವಾದ ಅಲೆಗಳನ್ನು ಮೇಲೆ ಬಿಡುವುದಿಲ್ಲ. ಆ ಮಿತಿ ಸುಮಾರು 5.2 ಮಿಲಿಹರ್ಟ್ಸ್, ಅಂದರೆ ಸಾವಿರ ಸೆಕೆಂಡಿಗೆ 5.2 ಅಲೆ. 5 ನಿಮಿಷದ ಅಲೆ ಎಂದರೆ 3.3 ಮಿಲಿಹರ್ಟ್ಸ್, ಅದು ಅಲ್ಲೇ ಸೊರಗುತ್ತದೆ. 3 ನಿಮಿಷದ್ದು 5.6, ಅದು ದಾಟುತ್ತದೆ.

ದಾಟಿದ ಅಲೆಗೆ ಮುಂದೆ ಆಗುವುದನ್ನು ಬಾರುಕೋಲು ಬೀಸಿದವರು ಬೇಗ ಹಿಡಿಯುತ್ತಾರೆ. ಹಿಡಿಯ ಕಡೆ ದಪ್ಪ, ತುದಿಯ ಕಡೆ ಸಣ್ಣ. ಹಿಡಿಯಲ್ಲಿ ಕೊಟ್ಟ ಸಣ್ಣ ಅಲುಗಾಟ ತುದಿ ತಲುಪುವಾಗ ಶಬ್ದದ ವೇಗವನ್ನೇ ಮೀರಿ ಛಟೀರೆನ್ನುತ್ತದೆ. ಸೌರಕಲೆಯ ಮೇಲೆ 1000 ಕಿ.ಮೀ. ಏರುವಷ್ಟರಲ್ಲಿ ಅನಿಲದ ಸಾಂದ್ರತೆ ಸಾವಿರಾರು ಪಟ್ಟು ಇಳಿದಿರುತ್ತದೆ. ಹೊತ್ತು ತಂದ ಶಕ್ತಿ ಅಷ್ಟೇ, ಅಲುಗಾಡಿಸಬೇಕಾದ ದ್ರವ್ಯ ಕಡಿಮೆ. ಹಾಗಾಗಿ ಅಲೆಯ ಎತ್ತರ ಬೆಳೆಯುತ್ತ ಬೆಳೆಯುತ್ತ ಮುಂಭಾಗ ಕಡಿದಾಗಿ, ಆಘಾತ ತರಂಗವಾಗುತ್ತದೆ. ಅಲ್ಲಿನ ಶಬ್ದವೇಗ ಸೆಕೆಂಡಿಗೆ 10 ಕಿ.ಮೀ. ಒಳಗೆ. ಆಘಾತ ಬಂದಾಗ ಅನಿಲ ಒಮ್ಮೆಲೇ ಮೇಲಕ್ಕೆ ಚಿಮ್ಮಿ, ಸುತ್ತಲಿಗಿಂತ ಸುಮಾರು 1000 ಕೆಲ್ವಿನ್ ಹೆಚ್ಚು ಬಿಸಿಯಾಗಿ, ಹೊಳೆದು, ಆಮೇಲೆ ನಿಧಾನವಾಗಿ ಕೆಳಕ್ಕೆ ಇಳಿಯುತ್ತದೆ. ವೇಗದ ಗ್ರಾಫ್ ಬರೆದರೆ ಗರಗಸದ ಹಲ್ಲು: ಏರು ಕಡಿದು, ಇಳಿಜಾರು ಉದ್ದ. ಈ ಆಕಾರ ನೆನಪಿರಲಿ, ಮುಂದೆ ನಿಮ್ಮ ದತ್ತಾಂಶ ಅಸಲಿಯೋ ಅಲ್ಲವೋ ಎಂದು ನೋಡುವಾಗ ಬೇಕಾಗುತ್ತದೆ.

ಇಲ್ಲಿ ಒಂದು ವಾದ ಇನ್ನೂ ಮುಗಿದಿಲ್ಲ. ತಂಪು ಪದರ ಬರೀ ಜರಡಿಯಂತೆ ಕೆಲಸ ಮಾಡಿ 3 ನಿಮಿಷದ ಅಲೆಗಳನ್ನು ಬಿಡುತ್ತದೆಯೇ, ಇಲ್ಲವೇ ಕೆಳಗಿನ ತಂಪು ಪದರಕ್ಕೂ ಮೇಲೆ ಉಷ್ಣತೆ ಥಟ್ಟನೆ ಏರುವ ಪದರಕ್ಕೂ ನಡುವೆ ಅಲೆಗಳು ಹಿಂದೆ ಮುಂದೆ ಬಡಿದು ಅನುರಣನವಾಗುತ್ತದೆಯೇ? ಎರಡನೆಯದಕ್ಕೆ ಈಚಿನ ವರ್ಷಗಳಲ್ಲಿ ಬಲವಾದ ಸಾಕ್ಷ್ಯ ಬಂದಿದೆ. ಎರಡೂ ಸೇರಿ ಕೆಲಸ ಮಾಡುತ್ತಿರಬಹುದು ಎಂಬುದು ನಮಗೆ ಹೆಚ್ಚು ಒಪ್ಪುವ ಮಾತು.

ಪೆನಂಬ್ರಾದಲ್ಲಿ ಓಡುವ ಬಳೆಗಳು 1972ರಲ್ಲಿ ಕಂಡವು, ಹೈಡ್ರೋಜನ್ ಆಲ್ಫಾ ಎಂಬ ಕೆಂಪು ರೇಖೆಯ ಬೆಳಕಿನಲ್ಲಿ. ಅವು ನೆಲದ ಮೇಲೆ ಹರಡುವ ಅಲೆಗಳಂತೆ ತೋರುತ್ತವೆ, ಆದರೆ ಹಾಗಲ್ಲ. ಕಲೆಯ ನಡುವೆ ಕಾಂತರೇಖೆಗಳು ನೆಟ್ಟಗೆ; ಅಂಚಿಗೆ ಹೋದಂತೆ ವಾಲುತ್ತ ಮಲಗುತ್ತವೆ. ಪ್ರತಿ ರೇಖೆಯ ಮೇಲೂ ಅಲೆ ತನ್ನಷ್ಟಕ್ಕೆ ಏರುತ್ತಿದೆ. ವಾಲಿದ ರೇಖೆಯ ದಾರಿ ಉದ್ದ, ಆದ್ದರಿಂದ ತಡವಾಗಿ ತಲುಪುತ್ತದೆ. ನಡುವೆ ಮೊದಲು, ಅಂಚಿನಲ್ಲಿ ಆಮೇಲೆ ಹೊಳೆಯುವುದರಿಂದ ನಮ್ಮ ಕಣ್ಣಿಗೆ ಬಳೆ ಓಡಿದ ಹಾಗೆ. ಈ ತೋರಿಕೆಯ ವೇಗ ಒಳಅಂಚಿನಲ್ಲಿ ಸೆಕೆಂಡಿಗೆ 40 ಕಿ.ಮೀ. ವರೆಗೂ ಇದ್ದು ಹೊರಗೆ 10ರ ಹತ್ತಿರಕ್ಕೆ ಇಳಿಯುತ್ತದೆ. ಆವರ್ತವೂ 3 ನಿಮಿಷದಿಂದ 5ಕ್ಕೆ ಹಿಗ್ಗುತ್ತದೆ. ಇದಕ್ಕೆ ಸರಳ ಲೆಕ್ಕವಿದೆ: ರೇಖೆ ವಾಲಿದಷ್ಟು ಅದರ ಉದ್ದಕ್ಕೆ ಗುರುತ್ವದ ಹಿಡಿತ ಕಡಿಮೆ, ಮಿತಿಯೂ ಆ ಕೋನದ ಕೊಸೈನ್‌ನಷ್ಟು ಇಳಿಯುತ್ತದೆ. 50 ಡಿಗ್ರಿ ವಾಲಿದರೆ 5.2 × 0.64, ಅಂದರೆ 3.3 ಮಿಲಿಹರ್ಟ್ಸ್. ನಡುವೆ ಸೊರಗಿಹೋದ 5 ನಿಮಿಷದ ಅಲೆಗೆ ಅಂಚಿನಲ್ಲಿ ಬಾಗಿಲು ತೆರೆಯಿತು. ಇಷ್ಟು ಚಿಕ್ಕ ಗುಣಾಕಾರ ಕಣ್ಣೆದುರಿನ ಚಿತ್ರಕ್ಕೆ ಹೀಗೆ ಕೂಡಿಕೊಳ್ಳುವುದು ಸೌರವಿಜ್ಞಾನದಲ್ಲಿ ಅಪರೂಪ. ಹತ್ತನೇ ತರಗತಿಯ ಮಕ್ಕಳಿಗೂ ಇದನ್ನು ಹೇಳಿಕೊಡಬಹುದು, ಹೇಳಿಕೊಡಬೇಕು.

ಇವೆರಡಕ್ಕಿಂತ ಚಿಕ್ಕವು ಪೆನಂಬ್ರಾದ ಮೈಕ್ರೋಜೆಟ್‌ಗಳು. 2006ರಲ್ಲಿ ಹಾರಿದ ಜಪಾನಿನ ಹಿನೋದೆ ಉಪಗ್ರಹದ 50 ಸೆಂ.ಮೀ. ದೂರದರ್ಶಕದಿಂದ ಕತ್ಸುಕಾವ ಮತ್ತು ಸಂಗಡಿಗರು 2007ರಲ್ಲಿ ಅವನ್ನು ವರದಿ ಮಾಡಿದರು. ಅಗಲ 400 ಕಿ.ಮೀ., ಉದ್ದ 1000ದಿಂದ 4000 ಕಿ.ಮೀ., ಆಯುಸ್ಸು ಒಂದು ನಿಮಿಷ. ಪಕ್ಕಪಕ್ಕದಲ್ಲಿ ಬೇರೆ ಬೇರೆ ಕೋನದಲ್ಲಿ ವಾಲಿದ ಕಾಂತರೇಖೆಗಳು ಒಂದನ್ನೊಂದು ತಗುಲಿ ಮರುಜೋಡಣೆಯಾಗುವಾಗ ಇವು ಹುಟ್ಟುತ್ತವೆ ಎಂಬುದು ವಿವರಣೆ. ತೋರಿಕೆಯ ವೇಗ ಸೆಕೆಂಡಿಗೆ 100 ಕಿ.ಮೀ. ದಾಟಿದರೂ, ಡಾಪ್ಲರ್ ಅಳತೆಯಲ್ಲಿ (ಚಲನೆಯಿಂದ ರೋಹಿತದ ಗೆರೆ ಎಷ್ಟು ಸರಿದಿದೆ ಎಂಬ ಅಳತೆ) ಅನಿಲ ಅಷ್ಟು ಓಡುತ್ತಿರುವುದು ಸಿಕ್ಕಿಲ್ಲ. ಹಾಗಾಗಿ ಸರಿಯುತ್ತಿರುವುದು ಅನಿಲಕ್ಕಿಂತ ಹೆಚ್ಚಾಗಿ ಕಾವಿನ ಅಂಚು ಎಂದು ಈಗ ನಂಬುವವರೇ ಹೆಚ್ಚು. ಅಂಬ್ರಾದಲ್ಲೂ ಇನ್ನೂ ಪುಟ್ಟ ಮೈಕ್ರೋಜೆಟ್‌ಗಳು, 1000 ಕಿ.ಮೀ. ಒಳಗಿನ ಗಿಡ್ಡ ಎಳೆಗಳು 2013ರ ಸುಮಾರಿಗೆ ಸಿಕ್ಕಿವೆ. ಅವಕ್ಕೆ ಸ್ಪೇನಿನ ಲಾ ಪಾಲ್ಮಾ ದ್ವೀಪದ 1 ಮೀಟರ್ ಸ್ವೀಡಿಷ್ ದೂರದರ್ಶಕದಂಥ ಸಲಕರಣೆ ಬೇಕು. ಇನ್ನು ಬೆಳಕಿನ ಸೇತುವೆ: ಅಂಬ್ರಾವನ್ನು ಎರಡಾಗಿ ಸೀಳುವ ಪ್ರಕಾಶಮಾನ ಪಟ್ಟಿ. ಅದರ ಮೇಲಿಂದ ಹೈಡ್ರೋಜನ್ ಆಲ್ಫಾದಲ್ಲಿ ಕಪ್ಪಾಗಿ ಕಾಣುವ ಚಿಮ್ಮುಗಳು ಮತ್ತೆ ಮತ್ತೆ ಏಳುತ್ತವೆ, ಕೆಲವು 10,000 ಕಿ.ಮೀ. ಮೀರುತ್ತವೆ.

ಇಲ್ಲಿಂದ ಏನೇನು ಕಾಣುತ್ತದೆ

ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3600ನೇ ಒಂದು ಭಾಗ; ಸೂರ್ಯನ ಮೇಲೆ 1 ಆರ್ಕ್‌ಸೆಕೆಂಡ್ ಎಂದರೆ ಸುಮಾರು 725 ಕಿ.ಮೀ. 100 ಮಿ.ಮೀ. ಮಸೂರದ ದೂರದರ್ಶಕ ಹೈಡ್ರೋಜನ್ ಆಲ್ಫಾದಲ್ಲಿ (656.3 ನ್ಯಾನೋಮೀಟರ್) ಬಿಡಿಸಬಲ್ಲದ್ದು 1.65 ಆರ್ಕ್‌ಸೆಕೆಂಡ್, ಅಂದರೆ 1200 ಕಿ.ಮೀ.; ಕ್ಯಾಲ್ಸಿಯಂ ಕೆಯಲ್ಲಿ (393.4) 1 ಆರ್ಕ್‌ಸೆಕೆಂಡ್, 720 ಕಿ.ಮೀ. ಇದು ಮಸೂರದ ಮಿತಿ. ನಮ್ಮ ಗಾಳಿಯ ಮಿತಿ ಹಗಲಲ್ಲಿ ಸಾಮಾನ್ಯವಾಗಿ 2ರಿಂದ 3 ಆರ್ಕ್‌ಸೆಕೆಂಡ್. ಒಳ್ಳೆಯ ಗಳಿಗೆಗಳಲ್ಲಿ ಅದಕ್ಕಿಂತ ಉತ್ತಮ. ಆದ್ದರಿಂದ ಮಿಂಚು, ಓಡುವ ಅಲೆ, ಸೇತುವೆಯ ದೊಡ್ಡ ಚಿಮ್ಮು, ಈ ಮೂರು ಕೈಗೆಟುಕುತ್ತವೆ. ಮೈಕ್ರೋಜೆಟ್ ಎಟುಕುವುದಿಲ್ಲ. ಚಿತ್ರವನ್ನು ವಿಪರೀತ ಚೂಪು ಮಾಡಿದಾಗ ಪೆನಂಬ್ರಾದಲ್ಲಿ ಹುಟ್ಟುವ ಬಿಳಿ ಗೀರುಗಳನ್ನು ಮೈಕ್ರೋಜೆಟ್ ಎಂದು ಹಾಕಿದ್ದನ್ನು ನೋಡಿದಾಗ ಬೇಸರವಾಗುತ್ತದೆ. ಅವು ಸಾಫ್ಟ್‌ವೇರಿನ ಕೂಸುಗಳು.

ಗೌರಿಬಿದನೂರಿನ ಬಳಿಯ ವೀಕ್ಷಣಾಲಯದಿಂದ ಇದು ಕಾಣುತ್ತದೆಯೇ ಎಂದು ಚಿಕ್ಕಬಳ್ಳಾಪುರದ ಕಡೆಯವರು ಕೇಳುವುದುಂಟು. ಅಲ್ಲಿರುವುದು ರೇಡಿಯೋ ಆಂಟೆನಾಗಳ ಸಾಲು. ಅವು ಹತ್ತಾರು ಮೆಗಾಹರ್ಟ್ಸ್‌ನಿಂದ ನೂರರ ಆಸುಪಾಸಿನ ಅಲೆಗಳನ್ನು ಹಿಡಿಯುತ್ತವೆ. ಆ ಅಲೆಗಳು ಬರುವುದು ಕಲೆಗಿಂತ ಬಹಳ ಎತ್ತರದ ಕರೋನಾದಿಂದ (ಸೂರ್ಯನ ಹೊರ ವಾತಾವರಣ), ಬಿಡಿಸುವ ಶಕ್ತಿಯೂ ಆರ್ಕ್‌ನಿಮಿಷಗಳ ಲೆಕ್ಕದಲ್ಲಿ. ಒಂದು ಇಡೀ ಕಲೆಯೇ ಅದಕ್ಕೆ ಒಂದು ಚುಕ್ಕೆಗಿಂತ ಚಿಕ್ಕದು. ಕಲೆಗಳ ಗುಂಪಿನ ಮೇಲೆ ಗಂಟೆ, ದಿನಗಟ್ಟಲೆ ನಡೆಯುವ ರೇಡಿಯೋ ಗದ್ದಲವನ್ನು ಮಾತ್ರ ಅದು ಚೆನ್ನಾಗಿ ಹಿಡಿಯುತ್ತದೆ. ಅದೇ ಕಾಂತಕ್ಷೇತ್ರದ ಮೇಲ್ತುದಿ ಅದು. ನಾವು ನೋಡುತ್ತಿರುವುದು ಬುಡ.

ಜಾಗ ಮತ್ತು ಹೊತ್ತು

ಮೂರೂ ಜಿಲ್ಲೆಗಳ ನೆಲ ಹೆಚ್ಚಾಗಿ ಗ್ರಾನೈಟ್. ಬಂಡೆ ಬಿಸಿಲು ಕುಡಿದು ಹತ್ತೂವರೆಯ ಹೊತ್ತಿಗೆ ಕಾವು ಬಿಡಲು ಶುರುಮಾಡುತ್ತದೆ, ಬಿಂಬ ಕುದಿಯುತ್ತದೆ. ಬೆಟ್ಟ ಹತ್ತಿದರೆ ಒಳ್ಳೆಯದೆಂಬ ನಂಬಿಕೆ ರಾತ್ರಿಗೆ ಸರಿ, ಹಗಲಿಗಲ್ಲ. ಬೆಳಗಿನ ಬಿಸಿಲು ಬಿದ್ದ ಮೂಡಣ ಇಳಿಜಾರಿನಿಂದ ಬಿಸಿಗಾಳಿ ಮೇಲೇರಿ, ನೀವು ನೋಡುವ ದಿಕ್ಕಿನಲ್ಲೇ ಹಾದುಹೋಗುತ್ತದೆ. 1478 ಮೀಟರ್ ಎತ್ತರದ ನಂದಿಬೆಟ್ಟದಲ್ಲಿ ಚಳಿಗಾಲದ ಬೆಳಗು ಮಂಜಿಗೇ ಹೋಗಿಬಿಡುತ್ತದೆ. ಮನೆಯ ಆರ್‌ಸಿಸಿ ತಾರಸಿ ಎಲ್ಲಕ್ಕಿಂತ ಕೆಟ್ಟದ್ದು.

ಒಳ್ಳೆಯದು ನೀರು ಮತ್ತು ಹಸಿರು. ಉದಯಪುರದ ಸೌರ ವೀಕ್ಷಣಾಲಯ ಫತೇಸಾಗರ ಕೆರೆಯ ನಡುವೆ ಇರುವುದಕ್ಕೆ ಕಾರಣವಿದೆ: ನೀರು ನಿಧಾನವಾಗಿ ಕಾಯುತ್ತದೆ. ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರತೊಡಗಿದ ಮೇಲೆ ಬೇಸಿಗೆಯಲ್ಲೂ ನೀರಿರುವ ಕೆರೆಗಳು ಸಿಗುತ್ತವೆ. ಚಿಕ್ಕಬಳ್ಳಾಪುರದ ಕಡೆ ಎಚ್.ಎನ್. ವ್ಯಾಲಿಯಿಂದ. ಬೆಳಗ್ಗೆ ಸೂರ್ಯ ಮೂಡಣದಲ್ಲಿರುವುದರಿಂದ ಪಡುವಣ ದಂಡೆಯಲ್ಲಿ, ನೀರಿಗೆ ಒತ್ತಿ ನಿಲ್ಲಬೇಕು. ಸೂರ್ಯ 25 ಡಿಗ್ರಿ ಮೇಲಿದ್ದರೆ ನಿಮ್ಮ ದೃಷ್ಟಿರೇಖೆ 100 ಮೀಟರ್ ದೂರದಲ್ಲೇ ನೀರಿನಿಂದ 46 ಮೀಟರ್ ಮೇಲೆ ಹೋಗಿರುತ್ತದೆ. ಕೆಡಿಸುವ ಗಾಳಿ ಇರುವುದು ಮೊದಲ ಕೆಲವು ಹತ್ತು ಮೀಟರುಗಳಲ್ಲಿ, ನೀರು ಅಷ್ಟು ಹತ್ತಿರ ಇದ್ದರಷ್ಟೇ ಲಾಭ. ಕೆರೆ ಸಿಗದಿದ್ದರೆ ನೀರು ಹಾಯಿಸಿದ ಹಿಪ್ಪುನೇರಳೆ ತೋಟದ ಅಂಚು, ಕಟಾವಾಗದ ರಾಗಿ ಹೊಲದ ಬದು. ಮಸೂರ ನೆಲದಿಂದ ಒಂದೂವರೆ ಮೀಟರಿಗಿಂತ ಕೆಳಗೆ ಬೇಡ. ಕಲ್ಲು ಕ್ರಷರ್‌ಗಳ ಗಾಳಿಮುಖದಲ್ಲಂತೂ ಬೇಡವೇ ಬೇಡ. ದೂಳು ಚದುರಿಸಿದ ಬೆಳಕು ಅಂಬ್ರಾದ ಕಪ್ಪಿನೊಳಗೆ ತುಂಬಿಕೊಂಡು ಮಿಂಚನ್ನು ಮುಳುಗಿಸುತ್ತದೆ. ಮಸೂರದ ಮೇಲಿನ ದೂಳಿಗೂ ಇದೇ ಮಾತು.

ಹೊತ್ತಿನ ವಿಷಯದಲ್ಲಿ ಎರಡು ಎಳೆತಗಳಿವೆ. ಬೇಗ ಶುರುಮಾಡಿದರೆ ಗಾಳಿ ಶಾಂತ, ಆದರೆ ಸೂರ್ಯ ತಗ್ಗಿನಲ್ಲಿದ್ದು 393 ನ್ಯಾನೋಮೀಟರಿನ ಬೆಳಕನ್ನು ನಮ್ಮ ವಾತಾವರಣವೇ ತಿಂದುಹಾಕುತ್ತದೆ. ತಡವಾದರೆ ನೆಲ ಕಾಯುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಎಂಟೂವರೆಯಿಂದ ಹತ್ತು ಗಂಟೆ ಒಳ್ಳೆಯ ರಾಜಿ. ಮಾರ್ಚ್, ಏಪ್ರಿಲ್‌ನಲ್ಲಿ ಅರ್ಧ ಗಂಟೆ ಮುಂಚೆ ಮುಗಿಸಿ.

ಎಂಥ ಕಲೆ ಆರಿಸಬೇಕು? ದುಂಡಗಿನ, ಬಲಿತ, ಒಂದೇ ಅಂಬ್ರಾ ಇರುವ ಕಲೆ; ಅಂಬ್ರಾ 15 ಆರ್ಕ್‌ಸೆಕೆಂಡ್ ಅಥವಾ ಹೆಚ್ಚು ಅಗಲ; ಬಿಂಬದ ನಡುವಿನಿಂದ 40 ಡಿಗ್ರಿಯೊಳಗೆ. ಗೊಂದಲದ ದೊಡ್ಡ ಗುಂಪುಗಳು ನೋಡಲು ಚೆಂದ, ಅಳೆಯಲು ಕಷ್ಟ. ಸೇತುವೆಯ ಚಿಮ್ಮು ಬೇಕಿದ್ದರೆ ಮಾತ್ರ ಒಡೆಯುತ್ತಿರುವ ಕಲೆ ಹುಡುಕಿ, ಅದೂ ಅಂಚಿನ ಕಡೆ ಇದ್ದರೆ ಚಿಮ್ಮು ಪಕ್ಕದಿಂದ ಕಾಣುತ್ತದೆ.

ಸಲಕರಣೆ

ಎಲ್ಲಕ್ಕೂ ಮುಂಚೆ: ಗುರಿ ಹಿಡಿಯಲು ಪಕ್ಕದಲ್ಲಿರುವ ಪುಟ್ಟ ಫೈಂಡರ್ ದೂರದರ್ಶಕವನ್ನು ಬಿಚ್ಚಿಡಿ. ಸೂರ್ಯನ ಬೆಳಕಿನ ಬಹುಪಾಲನ್ನು ಹೊರಹಾಕುವ ಪಟ್ಟಕ, ಹರ್ಶೆಲ್ ವೆಜ್, ಮಸೂರದ ದೂರದರ್ಶಕಕ್ಕೆ ಮಾತ್ರ, ಕನ್ನಡಿಯದಕ್ಕಲ್ಲ. ಕ್ಯಾಲ್ಸಿಯಂ ಮಾಡ್ಯೂಲಿಗೆ ತಯಾರಕರು ಹೇಳಿದ ವ್ಯಾಸ, ನಾಭಿದೂರ ಮೀರಬೇಡಿ. ಮೀರುವುದಾದರೆ ಮುಂದೆ ಶಾಖ ತಡೆಯುವ ಫಿಲ್ಟರ್ ಇರಲೇಬೇಕು. ಕೆರೆ ದಂಡೆಯಲ್ಲಿ ಮಕ್ಕಳು ಸೇರುತ್ತಾರೆ, ದೂರದರ್ಶಕದ ಹಿಂದೆ ಸದಾ ಒಬ್ಬರು ನಿಂತಿರಲಿ.

ಬಜಾರಿನಲ್ಲಿ ಸಿಗುವ ಕ್ಯಾಲ್ಸಿಯಂ ಕೆ ಫಿಲ್ಟರುಗಳು ಸುಮಾರು 2 ಆಂಗ್‌ಸ್ಟ್ರಾಮ್ (ನ್ಯಾನೋಮೀಟರಿನ ಹತ್ತನೇ ಒಂದು ಭಾಗ 1 ಆಂಗ್‌ಸ್ಟ್ರಾಮ್) ಅಗಲದವು. ಮಿಂಚು ಹೊಳೆಯುವುದು ರೇಖೆಯ ನಡುವಿನ ಅರ್ಧ ಆಂಗ್‌ಸ್ಟ್ರಾಮಿನಲ್ಲಿ. ಉಳಿದ ಒಂದೂವರೆ ಆಂಗ್‌ಸ್ಟ್ರಾಮ್ ಕೆಳಗಿನ ಪದರದ ಬೆಳಕನ್ನು ತಂದು ಸುರಿಯುತ್ತದೆ. ಆದ್ದರಿಂದ ಮಿಂಚು ಸಿಕ್ಕರೂ ಮಂಕಾಗಿ ಸಿಗುತ್ತದೆ, ಬರಿಗಣ್ಣಿಗಿಂತ ಅಳತೆಯಲ್ಲಿ ಸ್ಪಷ್ಟ. ಇದಕ್ಕೆ ಒಳ್ಳೆಯ ಪರಿಹಾರ ಸೀಳುಗಂಡಿಯ ರೋಹಿತ ಉಪಕರಣ: ಬಿಂಬವನ್ನು ಒಂದೊಂದೇ ಗೆರೆಯಾಗಿ ಹಿಡಿದು, ಬೆಳಕನ್ನು ಬಣ್ಣಗಳಾಗಿ ಬಿಡಿಸುತ್ತದೆ. ಕೊಡೈಕನಾಲಿನಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಕ್ಯಾಲ್ಸಿಯಂ ಚಿತ್ರ ತೆಗೆದದ್ದು ಈ ವಿಧಾನದಲ್ಲೇ. ಫ್ರಾನ್ಸಿನ ಕ್ರಿಸ್ಟಿಯಾನ್ ಬುಯಿಲ್ ರೂಪಿಸಿದ ಸೋಲೆಕ್ಸ್ ಈಗ 3ಡಿ ಪ್ರಿಂಟರಿನಲ್ಲಿ ಮನೆಯಲ್ಲೇ ಕಟ್ಟಬಹುದು: ಮಿ.ಮೀ.ಗೆ 2400 ಗೆರೆಯ ಗ್ರೇಟಿಂಗ್, ಹತ್ತು ಮೈಕ್ರಾನ್ ಸೀಳು, ಬಿಡಿಸುವ ಶಕ್ತಿ ಆಂಗ್‌ಸ್ಟ್ರಾಮಿನ ಸುಮಾರು ಹತ್ತನೇ ಒಂದು ಭಾಗ. ನಕ್ಷತ್ರಗತಿಯ 8 ಪಟ್ಟು ವೇಗದಲ್ಲಿ ಓಡಿಸಿದರೆ ಇಡೀ ಬಿಂಬಕ್ಕೆ 16 ಸೆಕೆಂಡ್ ಸಾಕು. ಕಲೆಯ ಸುತ್ತ 200 ಆರ್ಕ್‌ಸೆಕೆಂಡ್ ಪಟ್ಟಿಗೆ 2 ಸೆಕೆಂಡೂ ಬೇಡ. ಹಿಂದಕ್ಕೆ ಬರುವ ಹೊತ್ತು ಸೇರಿ 15, 20 ಸೆಕೆಂಡಿಗೊಂದು ಚಿತ್ರ ಸಾಧ್ಯ. ಕೊರತೆ ಒಂದೇ: ಪ್ರತಿ ಗೆರೆ ಬೇರೆ ಬೇರೆ ಕ್ಷಣದ್ದು, ಗಾಳಿ ಅಲುಗಿದರೆ ಅಂಚು ಗರಗಸವಾಗುತ್ತದೆ.

ಓಡುವ ಅಲೆಗೆ ಹೈಡ್ರೋಜನ್ ಆಲ್ಫಾ ವಾಸಿ. 0.5 ಆಂಗ್‌ಸ್ಟ್ರಾಮ್ ಅಥವಾ ಕಿರಿದಾದ ಎಟಲಾನ್ (ತೀರ ಕಿರಿದಾದ ಬಣ್ಣದ ಪಟ್ಟಿಯನ್ನಷ್ಟೇ ಬಿಡುವ ಫಿಲ್ಟರ್) ಬೇಕು. ಸೆಕೆಂಡಿಗೆ 10 ಕಿ.ಮೀ. ಚಲನೆ ಎಂದರೆ ಈ ರೇಖೆಯಲ್ಲಿ 0.22 ಆಂಗ್‌ಸ್ಟ್ರಾಮ್ ಸರಿತ. ಆದ್ದರಿಂದ ನಡುವಿನಿಂದ 0.3 ಆಂಗ್‌ಸ್ಟ್ರಾಮಿನಷ್ಟು ನೀಲಿಯ ಕಡೆ ಹೊಂದಿಸಿಟ್ಟರೆ ಅಲೆಯ ಏರಿಳಿತ ಕಪ್ಪು ಬಿಳುಪಾಗಿ ಮೂಡುತ್ತದೆ. ಸರಣಿ ಮುಗಿಯುವವರೆಗೆ ಆ ಹೊಂದಿಕೆ ಮುಟ್ಟಬೇಡಿ. ಬಿಸಿಮಾಡಿ ಹೊಂದಿಸುವ ಎಟಲಾನುಗಳು ಸ್ಥಿರವಾಗಲು 10 ನಿಮಿಷವಾದರೂ ಹಿಡಿಯುತ್ತವೆ, ಅಲ್ಲಿಯವರೆಗೆ ಕಾದು ಶುರುಮಾಡಿ.

ನಮ್ಮ ಅಕ್ಷಾಂಶದ ತೊಂದರೆ ಒಂದಿದೆ, ಅದನ್ನು ಪರದೇಶದ ಕೈಪಿಡಿಗಳು ಹೇಳುವುದಿಲ್ಲ. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಎಲ್ಲ 13 ಡಿಗ್ರಿ ಚಿಲ್ಲರೆಯಲ್ಲಿವೆ. ಧ್ರುವದತ್ತ ನೆಟ್ಟ ಅಕ್ಷದ ಸುತ್ತ ತಿರುಗುವ ಇಕ್ವಟೋರಿಯಲ್ ಮೌಂಟಿನ ಆ ಅಕ್ಷ ಬಹುತೇಕ ಮಲಗಿರುತ್ತದೆ. ಬೆಳಗ್ಗೆ ಮೂಡಣಕ್ಕೆ ತಿರುಗಿಸಿದಾಗ ಎದುರುತೂಕದ ಕಂಬಿ ನೆಟ್ಟಗೆ ಕೆಳಗಿಳಿದು ಟ್ರೈಪಾಡಿನ ಬಡಗಣ ಕಾಲಿಗೆ ಬಡಿಯುತ್ತದೆ. ಟ್ರೈಪಾಡನ್ನು 60 ಡಿಗ್ರಿ ತಿರುಗಿಸಿ, ಎರಡು ಕಾಲುಗಳ ನಡುವಿನ ಸಂದು ಬಡಗಣಕ್ಕೆ ಬರುವಂತೆ ಇಡಬೇಕು. ಮೌಂಟಿನ ಗೂಟ ಅದಕ್ಕೆ ಬಿಡದಿದ್ದರೆ ನಡುವೆ ಒಂದು ಎತ್ತರದ ಕಂಬ ಸೇರಿಸಬೇಕು. ಮೇಲೆ ಕೆಳಗೆ, ಎಡ ಬಲ ಮಾತ್ರ ತಿರುಗುವ ಆಲ್ಟ್-ಅಜಿಮತ್ ಮೌಂಟ್ ಈ ಕೆಲಸಕ್ಕಾಗದು, 40 ನಿಮಿಷದಲ್ಲಿ ಚಿತ್ರ ತಿರುಗಿಬಿಡುತ್ತದೆ.

ಕ್ಯಾಮೆರಾ ಕಪ್ಪುಬಿಳುಪಿನದ್ದೇ ಇರಲಿ. 2.4 ಮೈಕ್ರಾನ್ ಪಿಕ್ಸೆಲ್ಲಿಗೆ ಕ್ಯಾಲ್ಸಿಯಂನಲ್ಲಿ ಎಫ್/12, ಹೈಡ್ರೋಜನ್ ಆಲ್ಫಾದಲ್ಲಿ ಎಫ್/7 ಸಾಕು (ನಾಭಿದೂರವನ್ನು ಮಸೂರದ ವ್ಯಾಸದಿಂದ ಭಾಗಿಸಿದರೆ ಬರುವುದು ಎಫ್ ಸಂಖ್ಯೆ). ಪಿಕ್ಸೆಲ್ ಗಾತ್ರದ ಎರಡರಷ್ಟನ್ನು ತರಂಗಾಂತರದಿಂದ ಭಾಗಿಸಿದರೆ ಈ ಸಂಖ್ಯೆ ಬರುತ್ತದೆ. ಎಕ್ಸ್‌ಪೋಷರನ್ನು ಅಂಬ್ರಾ ನೋಡಿ ಹೊಂದಿಸಿ, ಸುತ್ತಲಿನ ಪ್ಲಾಜ್ ಎಂಬ ಪ್ರಕಾಶಮಾನ ತೇಪೆಗಳು ಸುಟ್ಟುಹೋದರೆ, ಅಂದರೆ ಪೂರ್ತಿ ಬೆಳ್ಳಗಾದರೆ, ಆಗಲಿ. ಆದರೆ ಹೋಲಿಕೆಗೆ ಬೇಕಾದ ಸಾಧಾರಣ ಮೇಲ್ಮೈ ಸುಡಬಾರದು. ಎರಡೂ ಒಟ್ಟಿಗೆ ಸಿಗಲು 12 ಬಿಟ್ಟಿನಲ್ಲೇ ತೆಗೆಯಬೇಕು. 8 ಬಿಟ್ಟಿನಲ್ಲಿ ಅಂಬ್ರಾಕ್ಕೆ ಉಳಿಯುವುದು ಬೆರಳೆಣಿಕೆಯ ಮೆಟ್ಟಿಲುಗಳು.

10 ಸೆಕೆಂಡಿಗೊಮ್ಮೆ 5 ಸೆಕೆಂಡಿನ ವಿಡಿಯೋ, ಸೆಕೆಂಡಿಗೆ 100 ಫ್ರೇಮ್, ಚೌಕಟ್ಟು 640 × 480. ಒಂದು ವಿಡಿಯೋ 500 ಫ್ರೇಮ್, 12 ಬಿಟ್ಟಿನಲ್ಲಿ ಸುಮಾರು 300 ಎಂಬಿ. 40 ನಿಮಿಷಕ್ಕೆ 240 ವಿಡಿಯೋ, ಸುಮಾರು 74 ಜಿಬಿ. ತಿರುಗುವ ಹಾರ್ಡ್‌ಡಿಸ್ಕ್ ಹಲವು ಸಲ ನಡುವೆ ಉಸಿರು ಬಿಡುತ್ತದೆ, ಎಸ್‌ಎಸ್‌ಡಿ ಬೇಕು. 40 ನಿಮಿಷವೇ ಯಾಕೆ? ಎರಡು ಆವರ್ತಗಳನ್ನು ಬೇರ್ಪಡಿಸುವ ಶಕ್ತಿ ಸರಣಿಯ ಉದ್ದದಿಂದ ಬರುತ್ತದೆ. 40 ನಿಮಿಷಕ್ಕೆ ಅದು 0.4 ಮಿಲಿಹರ್ಟ್ಸ್, 3 ಮತ್ತು 5 ನಿಮಿಷದ ಶಿಖರಗಳು 2.2 ಮಿಲಿಹರ್ಟ್ಸ್ ದೂರ ಇರುವುದರಿಂದ ಚೆನ್ನಾಗಿ ಬೇರೆಯಾಗುತ್ತವೆ. 15 ನಿಮಿಷದಲ್ಲಿ ನಿಲ್ಲಿಸಿದರೆ 1.1, ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಡುವೆ ಮೋಡ ಬಂದು 5 ನಿಮಿಷ ಹೋದರೆ ಆ ಸರಣಿಯನ್ನು ಎರಡಾಗಿ ಒಡೆದು ಲೆಕ್ಕ ಹಾಕುವುದಕ್ಕಿಂತ ಹೊಸದಾಗಿ ಶುರುಮಾಡುವುದು ಒಳ್ಳೆಯದು.

ಅಳತೆ, ಮತ್ತು ಮೋಸ ಹೋಗುವ ಜಾಗಗಳು

ಆಟೋಸ್ಟಾಕರ್ಟ್ ತಂತ್ರಾಂಶದಲ್ಲಿ ಪ್ರತಿ ವಿಡಿಯೋದ ಉತ್ತಮ 15, 20 ಶೇಕಡಾ ಫ್ರೇಮ್ ಸೇರಿಸಿ, ಇಂಪಿಪಿಜಿ ಎಂಬ ಇನ್ನೊಂದು ತಂತ್ರಾಂಶದಲ್ಲಿ ಇಡೀ ಸರಣಿಯನ್ನು ಒಂದರ ಮೇಲೊಂದು ಕೂರಿಸಿ. ಬೆಳಕನ್ನು ತಾನಾಗಿ ಸಮಮಾಡುವ ಎಲ್ಲ ಗುಂಡಿಗಳನ್ನೂ ಆರಿಸಿಡಿ. ನೀವು ಹುಡುಕುತ್ತಿರುವ ಏರಿಳಿತವನ್ನೇ ಅವು ಸಮಮಾಡಿಬಿಡುತ್ತವೆ. ಚೂಪು ಮಾಡುವುದು ಬೇಕಿದ್ದರೆ ಸಿನಿಮಾಕ್ಕೆ ಮಾತ್ರ, ಅಳತೆಗೆ ಬೇಡ. ಆಮೇಲೆ ಅಂಬ್ರಾದೊಳಗೆ 5 × 5 ಪಿಕ್ಸೆಲ್ ಚೌಕದ ಸರಾಸರಿ ತೆಗೆದು, ಅದೇ ಚಿತ್ರದ ಸಾಧಾರಣ ಮೇಲ್ಮೈಯ ಸರಾಸರಿಯಿಂದ ಭಾಗಿಸಿ. ತೆಳುಮೋಡ, ಸೂರ್ಯನ ಏರಿಕೆ ಎರಡೂ ಇದರಲ್ಲಿ ಕಳೆದುಹೋಗುತ್ತವೆ. 10 ನಿಮಿಷದ ಜಾರು ಸರಾಸರಿ ಕಳೆದರೆ ಉಳಿಯುವುದು ಮಿಂಚು. ಓಡುವ ಅಲೆಗೆ ಕಲೆಯ ನಡುವಿನಿಂದ ಹೊರಕ್ಕೆ ಒಂದು ಗೆರೆ ಎಳೆದು, ಫಿಜಿ ತಂತ್ರಾಂಶದಲ್ಲಿ ಆ ಗೆರೆಯನ್ನು ಕಾಲದ ವಿರುದ್ಧ ಹರಡಿ. ಓರೆ ಪಟ್ಟೆಗಳು ಬಂದರೆ ಅವುಗಳ ಓರೆಯೇ ವೇಗ.

ಈಗ ಮೋಸ. ಬಹಳ ಜನ ಬಳಸುವ ಇಕ್ಯೂ6 ಮೌಂಟಿನ ವರ್ಮ್ ಗೇರ್ ಒಂದು ಸುತ್ತಿಗೆ 479 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅದರ ಮೂರನೇ ಒಂದು ಭಾಗ 160 ಸೆಕೆಂಡ್. ಎಚ್‌ಇಕ್ಯೂ5ರದು 638, ನಾಲ್ಕನೇ ಒಂದು ಭಾಗ ಅದೇ 160. ಎರಡೂ ನೇರವಾಗಿ ನಮ್ಮ 3 ನಿಮಿಷದ ಪಟ್ಟಿಯೊಳಗೆ ಬಂದು ಬೀಳುತ್ತವೆ! ಬಿಂಬ ಈ ಲಯದಲ್ಲಿ ಅರ್ಧ ಪಿಕ್ಸೆಲ್ ಓಲಾಡಿದರೂ ಅಂಬ್ರಾದ ಅಂಚಿನಲ್ಲಿಟ್ಟ ಚೌಕ ಚೆಂದದ ಅಲೆ ತೋರಿಸುತ್ತದೆ. ಪತ್ತೆಹಚ್ಚುವ ದಾರಿ: ಅದೇ ಅಳತೆಯನ್ನು ಹತ್ತಿರದ ಒಂದು ಪುಟ್ಟ ರಂಧ್ರಕಲೆಯ (ಪೆನಂಬ್ರಾ ಇಲ್ಲದ ಕಲೆ) ಅಂಚಿನಲ್ಲಿ, ಮತ್ತು ಕಲೆಯಿಲ್ಲದ ಜಾಗದಲ್ಲಿ ಮಾಡಿ. ಮೂರೂ ಕಡೆ ಒಂದೇ ಶಿಖರ, ಒಂದೇ ಹೊತ್ತಿಗೆ ಬಂದರೆ ಅದು ಗೇರಿನದ್ದು. ಅಸಲಿ ಮಿಂಚು ಅಂಬ್ರಾದೊಳಗೇ ಒಂದು ಮೂಲೆಯಿಂದ ಇನ್ನೊಂದಕ್ಕೆ ಹೊತ್ತು ಬದಲಿಸುತ್ತದೆ. ಗರಗಸದ ಆಕಾರವೂ ಸಾಕ್ಷಿ. ಡಾಪ್ಲರ್ ಸಿಗುವ ಸೋಲೆಕ್ಸ್ ಇದ್ದರೆ ಕಡಿದಾದ ಏರು ಕಾಣಬೇಕು, ಗೇರಿನ ಓಲಾಟ ಹೆಚ್ಚಾಗಿ ನುಣುಪಾದ ಸೈನ್ ಅಲೆ.

ಜೂನಿನಿಂದ ಸೆಪ್ಟೆಂಬರವರೆಗೆ ನಮ್ಮಲ್ಲಿ ಆಕಾಶವನ್ನು ನಂಬಿ ಕೂರುವಂತಿಲ್ಲ. ಆ ತಿಂಗಳುಗಳಿಗೆ, ಮತ್ತು ದೂರದರ್ಶಕವೇ ಇಲ್ಲದ ತುಮಕೂರಿನದೋ ಮುಳಬಾಗಿಲಿನದೋ ಕಾಲೇಜು ವಿದ್ಯಾರ್ಥಿಗೆ, 2010ರಲ್ಲಿ ಹಾರಿದ ನಾಸಾದ ಎಸ್‌ಡಿಒ ಉಪಗ್ರಹದ ಕಡತಗಳು ಉಚಿತವಾಗಿ ಸಿಗುತ್ತವೆ. ಪಿಕ್ಸೆಲ್ 0.6 ಆರ್ಕ್‌ಸೆಕೆಂಡ್. 304 ಆಂಗ್‌ಸ್ಟ್ರಾಮಿನಲ್ಲಿ 12 ಸೆಕೆಂಡಿಗೊಂದು ಚಿತ್ರ, 1600ರಲ್ಲಿ 24 ಸೆಕೆಂಡಿಗೊಂದು. ಕಲೆಯ ಸುತ್ತಲಿನ ತುಂಡನ್ನಷ್ಟೇ ಕತ್ತರಿಸಿ ಕೇಳಿದರೆ ಮೊಬೈಲ್ ಡಾಟಾದಲ್ಲೂ ಇಳಿಯುತ್ತದೆ, ಪೈಥಾನಿನ ಸನ್‌ಪೈ ಗ್ರಂಥಾಲಯ ಅದನ್ನು ತೆರೆಯುತ್ತದೆ. 1600ರಲ್ಲಿ ಅಂಬ್ರಾದ ಏರಿಳಿತ ತೆಗೆದು, ಅದೇ ಜಾಗದ 304ರ ಏರಿಳಿತದ ಪಕ್ಕ ಇಡಿ. ಎರಡನೆಯದು ತುಸು ತಡವಾಗಿ ಬರುತ್ತದೆ. 304ರ ಬೆಳಕು ಹೆಚ್ಚು ಎತ್ತರದ್ದು. ಆ ತಡವೇ ಅಲೆ ಕೆಳಗಿನಿಂದ ಅಲ್ಲಿಗೆ ಏರಲು ಹಿಡಿದ ಹೊತ್ತು. ಸರಿಯಾಗಿ ಅಳೆಯಬೇಕಾದರೆ ಒಂದು ಗಂಟೆಯಾದರೂ ಸರಣಿ ಇಳಿಸಿಕೊಳ್ಳಿ, ಎರಡೂ ತರಂಗಾಂತರದ ಚಿತ್ರಗಳ ಕಾಲಮುದ್ರೆಯನ್ನು ಕಡತದ ಹೆಸರಿನಿಂದಲ್ಲ, ಅದರ ಹೆಡರಿನಿಂದಲೇ ಓದಿಕೊಳ್ಳಿ.